ಕನ್ನಡದಲ್ಲಿ ಹೇಳದೆ ಬಿಟ್ಟದ್ದು

ಪೂಲು ಬಂತೆಂದರೆ ಯೋಗಿತಾಳ ಎಡಗೈ ತಾನಾಗಿ ಮಡಚಿಕೊಳ್ಳುತ್ತಿತ್ತು. ಸಾಂಗ್ಲಿವಾಡಿಯಿಂದ ಮುಂಜಾನೆ ಹೊರಡುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಅಷ್ಟೇ, ಕಂಬಿ ಹಿಡಿದು ನಿಂತರೂ ಅಷ್ಟೇ. ಕೃಷ್ಣೆಯ ಸೇತುವೆಯ ಮೇಲೆ ಗಾಲಿ ಉರುಳತೊಡಗಿದೊಡನೆ ಕೈ ಎದೆಯ ಹತ್ತಿರ ಬಂದು, ಅಲ್ಲಿ ಏನೂ ಇಲ್ಲದ್ದನ್ನು ಕಂಡು, ನಾಚಿಕೊಂಡು ಕೆಳಗಿಳಿಯುತ್ತಿತ್ತು. ಸಾಯಲಿಗೆ ಈಗ ನಾಲ್ಕು ವರ್ಷ. ಎತ್ತಿಕೊಳ್ಳಲು ಹೋದರೆ ಕಾಲು ಝಾಡಿಸಿ ಇಳಿದು ಓಡುವ ಹುಡುಗಿ. ಈ ಹೊತ್ತಿಗೆ ಅಜ್ಜಿಯ ಪಕ್ಕದಲ್ಲಿ ಬಾಯಿ ತೆರೆದು ಮಲಗಿರುತ್ತಾಳೆ. ಹೊರಡುವ ಮುಂಚೆ ಯೋಗಿತಾ ಅವಳನ್ನು ಒಮ್ಮೆ ಮುಟ್ಟಿ ನೋಡಿದ್ದಳು. ಚಪ್ಪಲಿ ಮೆಟ್ಟಿದ ಮೇಲೆ ಮತ್ತೆ ಬಿಚ್ಚಿ ಒಳಗೆ ಹೋಗಿ ಇನ್ನೊಮ್ಮೆ ಮುಟ್ಟಿದ್ದಳು. ಗಂಡ ಕೇತನ ಹಲ್ಲುಜ್ಜುತ್ತ, ನೊರೆ ತುಂಬಿದ ಬಾಯಲ್ಲೇ, "ಐತಿ, ಐತಿ. ಎಣಿಸೇನಿ, ಒಂದೇ ಐತಿ" ಎಂದಿದ್ದ. ಅವನದು ಕೆಟ್ಟ ಮನಸ್ಸಲ್ಲ. ಆದರೆ ಮೂರು ವರ್ಷದಿಂದ ಅದೇ ಚೇಷ್ಟೆ. ಮದುವೆ ಮನೆಗಳಲ್ಲಿ, ಸೀಮಂತಗಳಲ್ಲಿ, ಯಾರಾದರೂ ಹೊಸಬರು ಬಂದಾಗ, "ನಮ್ಮ ಯೋಗಿತಾ ಸೀರಿ ತಂದಳು, ಕೂಸು ಬಿಟ್ಟಳು" ಎಂದು ಶುರುವಾಗುವ ಕತೆ. ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎಂದು ಗಾದೆ ಇದೆ. ಆಡಿದವರೆಲ್ಲ ಉಂಡು ಹಾಯಾಗಿ ಮಲಗುತ್ತಿದ್ದರು. ಪಾಪ ಮಾತ್ರ ಇವಳ ಹತ್ತಿರವೇ ಉಳಿದಿತ್ತು.

ಅವತ್ತು ಸಾಂಗ್ಲಿಯ ಪೇಟೆಯಲ್ಲಿ ಧನ್ಯಕುಮಾರರ ಸೀರೆ ಅಂಗಡಿಯ ಬಿಳಿ ಗಾದಿಯ ಮೇಲೆ ಏಳು ತಿಂಗಳ ಸಾಯಲಿ ಮಲಗಿದ್ದಳು. ಸುತ್ತ ಬಿಚ್ಚಿ ಹಾಕಿದ ಸೀರೆಗಳು. ಒಂದು ಸೀರೆ ಆಯಿತು, ಚೀಲ ಕೈಗೆ ಬಂತು, ಹೊರಗೆ ರಿಕ್ಷಾ ನಿಂತಿತ್ತು. ಪೂಲು ದಾಟಿ ಮನೆಗೆ ಬಂದು, ಕಾಲು ತೊಳೆದು, ಚಹಾಕ್ಕೆ ಹಾಲಿಟ್ಟಳು. ಅತ್ತೆ "ಕೂಸೆಲ್ಲಿ?" ಎಂದರು. "ಮಲಗೈತ್ರಿ" ಎಂದಳು. ಹಾಗೆ ಹೇಳಿ ಚಹಾಪುಡಿ ಹಾಕಿದಳು, ಸಕ್ಕರೆ ಹಾಕಿದಳು. ಆಮೇಲೆ ಡಬ್ಬಿ ಕೈಯಿಂದ ಬಿತ್ತು. ಓಡಿ ಹೋದಾಗ ಧನ್ಯಕುಮಾರರ ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು; ಮಗು ಎದ್ದೂ ಇರಲಿಲ್ಲ, ಅತ್ತೂ ಇರಲಿಲ್ಲ. ಅರ್ಧ ತಾಸಿನ ಮಾತು. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು. ಗೊತ್ತಿಲ್ಲದ್ದು ಪೂಲಿನ ಮೇಲಿನದು. ರಿಕ್ಷಾ ಪೂಲಿನ ಮೇಲೆ ಬಂದಾಗ ಗಾಳಿ ಬೀಸಿತ್ತು, ಕೈ ಹಗುರವಾಗಿತ್ತು, ಏಳು ತಿಂಗಳಲ್ಲಿ ಮೊದಲ ಸಲ ಅವಳಿಗೆ ತುಂಬ ಸುಖವೆನಿಸಿತ್ತು. ಯಾಕೆಂದು ಅವಳು ಯೋಚಿಸಿರಲಿಲ್ಲ. ಆಮೇಲೆ ಯೋಚಿಸಿದ್ದೆಲ್ಲ ಅದನ್ನೇ.

ಮಿರಜದ ಒಂದು ಸಣ್ಣ ಮಿಷನ್ ದವಾಖಾನೆಯಲ್ಲಿ ರೋಗಿಗಳ ಹೆಸರು, ಊರು ಕೇಳಿ ಕೇಸ್ ಪೇಪರ್ ಬರೆದುಕೊಡುವ ಖಿಡಕಿ ಅವಳದು. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಬರುವ ರೋಗಿಗಳಿಗೆ ಮರಾಠಿ ಬಾರದು, ಡಾಕ್ಟರರಿಗೆ ಕನ್ನಡ ಅರ್ಧಂಬರ್ಧ, ನಡುವೆ ಇವಳು. ದಿನಾ ಮುಂಜಾನೆ ಡಾಕ್ಟರರು ಸುತ್ತು ಬರುವ ಮೊದಲು ಪಾಳಕರು, ಅಂದರೆ ಅಲ್ಲಿನ ಪಾದ್ರಿ, ಒಂದೊಂದು ವಾರ್ಡಿನಲ್ಲಿ ನಿಂತು ಮರಾಠಿಯಲ್ಲಿ ನಾಲ್ಕು ಸಾಲು ಓದಿ ಪ್ರಾರ್ಥನೆ ಮಾಡುವುದು ಅಲ್ಲಿಯ ರೂಢಿ. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ ಹಳೆಯ ನರ್ಸು ನಿವೃತ್ತಳಾದ ಮೇಲೆ ಆ ಕೆಲಸವೂ ಇವಳ ಕೊರಳಿಗೆ ಬಿದ್ದಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಬೇರೆಯವರ ದೇವರ ಮಾತು ಹೇಗೆ ಹೇಳುತ್ತೀ ಎಂದು ಅತ್ತೆ ಕೇಳಲಿಲ್ಲ. ಬಸ್ಸು ಸಿಗದಷ್ಟು ಬೇಗ ಹೋಗಬೇಕಲ್ಲ ಎಂದಷ್ಟೇ ಕೇಳಿದರು. ಯೋಗಿತಾ ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ. ಅವಳ ಕನ್ನಡ ಬೇಡಗದ ತವರು ಮನೆಯ ಅಡುಗೆಮನೆಯದು, ರೊಟ್ಟಿಗೆ, ಬೈಗುಳಕ್ಕೆ, ಜೋಗುಳಕ್ಕೆ ಸಾಕಾಗುವಷ್ಟು. ಎರಡೂವರೆ ಸಾವಿರ ವರ್ಷದ ಹಿಂದಿನ ಪ್ರವಾದಿಗಳು ಅವಳ ಬಾಯಲ್ಲಿ ಬೇಡಗದ ಅಜ್ಜಿಯ ಮಾತನ್ನೇ ಆಡಬೇಕಾಗುತ್ತಿತ್ತು, ಆಡುತ್ತಲೂ ಇದ್ದರು. ಅವಳಿಗೆ ಅದು ಹಿಡಿಸಿತ್ತು. ಯಾರೂ ನಗದಿದ್ದ ಒಂದೇ ಜಾಗ ಅದು.

ಅಂದು ಬಾಣಂತಿಯರ ವಾರ್ಡು. ಪಾಳಕ ಆಶಿಷ ಇನ್ನೂ ಸಣ್ಣ ವಯಸ್ಸಿನವನು, ಮೆಲುದನಿಯವನು, ಓದುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಊರು ಸುಟ್ಟು, ಗುಡಿ ಬಿದ್ದು, ಪರದೇಶಕ್ಕೆ ಎಳೆದೊಯ್ಯಲ್ಪಟ್ಟ ಜನರ ಕತೆ ಹೇಳಿದ. ದೇವರು ನಮ್ಮ ಕೈಬಿಟ್ಟ, ಮರೆತ ಎಂದು ಅವರು ಅಳುತ್ತಿದ್ದರಂತೆ. ಯೋಗಿತಾ ಹೇಳಿದಳು: "ಊರು ಹಾಳಾದ ಮಂದಿ ಅಳಾಕತ್ತಿದ್ರು. ದೇವರು ನಮ್ಮನ್ನ ಮರತಬಿಟ್ಟ ಅಂತಿದ್ರು." ಹನ್ನೊಂದನೇ ಕಾಟಿನ ಮೇಲೆ ಮಲಗಿದ್ದ ಹುಡುಗಿ ಎದ್ದು ಕೂತಿದ್ದನ್ನು ಅವಳು ನೋಡಿದಳು. ಹೆಸರು ಪ್ರಣಿತಾ, ಕೇಸ್ ಪೇಪರ್ ಯೋಗಿತಾಳೇ ಬರೆದದ್ದು, ಇಪ್ಪತ್ತೆರಡು ವರ್ಷ, ಅಥಣಿಯ ಆಚೆ ಒಂದು ಊರು. ಹೆತ್ತು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕೂಸನ್ನು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ, ಎದೆ ಕಟ್ಟಿ ನೋಯುತ್ತಿದ್ದರೂ ಹಾಲು ಕುಡಿಸುತ್ತಿರಲಿಲ್ಲ. ತಾಯಿಯಿಲ್ಲದ ಹುಡುಗಿಯೆಂದು ಬಾಣಂತನಕ್ಕೆ ಅತ್ತೆ ಬಾಳವ್ವನೇ ಬಂದು ನಿಂತಿದ್ದಳು. "ಗಂಡ ಕೂಸ ಹುಟ್ಟೇತಿ, ಏನ ಕಡಿಮಿ ಆಗೇತ್ರಿ ಇಕಿಗೆ" ಎಂದು ಬಾಳವ್ವ ಬಂದವರನ್ನೆಲ್ಲ ಕೇಳುತ್ತಿದ್ದಳು.

ಪಾಳಕ ಮುಂದಿನದನ್ನು ಓದಿದ. ದೇವರು ಆ ಜನಕ್ಕೆ ಒಂದು ಪ್ರಶ್ನೆ ಕೇಳುತ್ತಾನೆ: ಹಾಲು ಕುಡಿಯುವ ಕೂಸನ್ನು ತಾಯಿ ಮರೆಯುವಳೇ? ಕೇಳಿ, ತಾನೇ ಉತ್ತರ ಕೊಡುತ್ತಾನೆ: ಆಕೆಯೂ ಮರೆತಾಳು, ನಾನು ನಿನ್ನನ್ನು ಮರೆಯಲಾರೆ, ನನ್ನ ಅಂಗೈಯಲ್ಲೇ ನಿನ್ನನ್ನು ಕೊರೆದುಕೊಂಡಿದ್ದೇನೆ. ಅಂಗೈ ಎಂದೊಡನೆ ಯೋಗಿತಾಳಿಗೆ ಮುಂಜಾನೆಯ ತನ್ನ ಎಡ ಅಂಗೈ ನೆನಪಾಯಿತು. ಅದರ ಮೇಲೆ ಲಿಂಗವಿಟ್ಟುಕೊಂಡು ಕಣ್ಣುಮುಚ್ಚುವ ಎರಡು ನಿಮಿಷ. ದೇವರು ನಮ್ಮ ಅಂಗೈಯಲ್ಲಿ ಕೂಡುವುದು ಅವಳಿಗೆ ಗೊತ್ತಿತ್ತು. ನಾವು ದೇವರ ಅಂಗೈಯಲ್ಲಿ ಕೂಡುವುದು ಹೊಸದಾಗಿತ್ತು, ಚೆನ್ನಾಗಿತ್ತು. ಬಾಯಿ ತೆರೆದಳು. "ಹಾಲ ಕುಡಿಯೋ ಕೂಸನ್ನ ತಾಯಿ ಮರೀತಾಳೇನು?" ಎಂದಳು. ಆಗಲೇ ಮೂಲೆಯಲ್ಲಿ ಬಟ್ಟಲು ಜೋಡಿಸುತ್ತಿದ್ದ ಆಯಾ ಲಕ್ಷ್ಮೀಬಾಯಿ ತಲೆಯೆತ್ತಿದಳು. ಲಕ್ಷ್ಮೀಬಾಯಿ ಸಾಂಗ್ಲಿವಾಡಿಯವಳು, ಇವಳ ಓಣಿಯವಳೇ, ಸೀರೆ ಅಂಗಡಿಯ ಕತೆ ಬಲ್ಲವಳು. ಮನೆಮಾತು ಮರಾಠಿಯಾದರೂ ನೆರೆಯವರ ಕನ್ನಡ ಕೇಳಿ ಕೇಳಿ ಕಲಿತವಳು. ಆ ಮುಖದಲ್ಲಿ ನಗು ಬಂತೋ, ಬರುವುದರಲ್ಲಿತ್ತೋ, ಅಥವಾ ಅದು ಬೆಳಕಿಗೆ ಕಣ್ಣು ಕಿರಿದು ಮಾಡಿದ್ದೋ, ಯೋಗಿತಾಳಿಗೆ ತಿಳಿಯಲಿಲ್ಲ. ಮುಂದಿನ ಮಾತು ಮರಾಠಿಯಲ್ಲಿ ಪಾಳಕನದು. ಕನ್ನಡದಲ್ಲಿ ಅದು ಇವಳದೇ ಆಗುತ್ತಿತ್ತು. ಆಕೆಯೂ ಮರೆತಾಳು. ಅದನ್ನು ಬಿಟ್ಟು, "ದೇವರೂ ತಾಯಿ ಇದ್ದಂಗ," ಎಂದಳು. "ಆತು."

ಆಶಿಷ ಕಣ್ಣುಮುಚ್ಚಿ ಪ್ರಾರ್ಥನೆ ಶುರು ಮಾಡಿದ. ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಅವನಿಗೆ ಸಂಶಯವೂ ಬರಲಿಲ್ಲ. ಅವನ ದನಿಯ ಕೆಳಗಿಂದಲೇ ಬಾಳವ್ವನ ಮಾತು ಬಂತು: "ಕೇಳಿದೇನ? ದೇವರ ಬಾಯಿಲೇ ಬಂತು, ಕೇಳಿದೇನ? ಯಾವ ತಾಯಿ ಮರೀತಾಳ ಅಂತ ಕೇಳಾಕತ್ತಾನ." ಪ್ರಣಿತಾ ಅತ್ತೆಯನ್ನು ನೋಡಲಿಲ್ಲ. ಯೋಗಿತಾಳನ್ನು ನೋಡಿದಳು, ನೆಟ್ಟಗೆ, ಒಂದೇ ಸಲ. ಆಮೇಲೆ ಮಲಗಿ ಗೋಡೆಯ ಕಡೆ ತಿರುಗಿದಳು.

ಖಿಡಕಿಯಲ್ಲಿ ಕೂತು ಹೆಸರು, ವಯಸ್ಸು, ಊರು ಎಂದು ಬರೆಯುತ್ತ ಯೋಗಿತಾ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಸುಳ್ಳೇನೂ ಹೇಳಿಲ್ಲ. ಸ್ವಲ್ಪ ಮೊಟಕು ಮಾಡಿದ್ದು, ದಿನಾ ಮಾಡುವುದೇ. ಆದರೆ ಕನ್ನಡದಲ್ಲಿ ಆ ಪ್ರಶ್ನೆಯನ್ನು ಯಾರೂ ಉತ್ತರಕ್ಕಾಗಿ ಕೇಳುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಅತ್ತೆಯೂ ಆ ದಿನ, ಚೆಲ್ಲಿದ ಸಕ್ಕರೆಯ ಮೇಲೆ ನಿಂತು, ಅದನ್ನೇ ಕೇಳಿದ್ದರು, ಯಾವ ತಾಯಿ ಮರೀತಾಳ? ಅತ್ತೆಯ ಬಾಯಲ್ಲಿ ಇದ್ದ ಮಾತನ್ನು ಇವಳು ಇವತ್ತು ದೇವರ ಬಾಯಲ್ಲಿ ಇಟ್ಟು ಬಂದಿದ್ದಳು. ದೇವರು, ಪಾಪ, ಎರಡನೆಯ ಮಾತಿಗಾಗಿಯೇ ಮೊದಲನೆಯದನ್ನು ಆಡಿದ್ದ. ಆ ಎರಡನೆಯದನ್ನು ಇವಳು ನುಂಗಿದ್ದಳು, ಒಬ್ಬ ಆಯಾಳ ನಗುವಿಗೆ ಹೆದರಿ, ಬಂದಿತೋ ಇಲ್ಲವೋ ಗೊತ್ತಿಲ್ಲದ ನಗುವಿಗೆ. "ಬಾಯಿ, ನನ್ನ ಹೆಸರು ಸಿದ್ದಪ್ಪ, ನೀವು ಸಿದ್ದವ್ವ ಬರದೀರಿ" ಎಂದು ಒಬ್ಬ ಮುದುಕ ಕಾಗದ ವಾಪಸು ಕೊಟ್ಟ. ಹಿಂದಿದ್ದವರು ನಕ್ಕರು. ಅವಳು ಹೊಸ ಕಾಗದ ತೆಗೆದುಕೊಂಡಳು.

ಹನ್ನೊಂದು ಗಂಟೆಗೆ ಲಕ್ಷ್ಮೀಬಾಯಿ ಖಿಡಕಿಯ ಹತ್ತಿರ ಬಂದಳು. ಈ ಸಲ ನಗುವೇನೂ ಇರಲಿಲ್ಲ. ಹನ್ನೊಂದನೇ ಕಾಟಿನ ಪೋರಿ ಈ ಕಡೆ ಬಂದಳೇನು ಎಂದು ಮರಾಠಿಯಲ್ಲಿ ಕೇಳಿದಳು. ಬಚ್ಚಲಿಗೆ ಹೋಗುತ್ತೇನೆಂದು ಹೋದವಳು ಬಂದಿಲ್ಲ, ಅರ್ಧ ತಾಸಾಯಿತು, ಸಿಸ್ಟರ್ ಎಲ್ಲ ಕಡೆ ನೋಡಿಸುತ್ತಿದ್ದಾರೆ. ಅರ್ಧ ತಾಸು ಎಂಬ ಮಾತು ಕೇಳಿದೊಡನೆ ಯೋಗಿತಾ ಎದ್ದಳು. ಖಿಡಕಿ ಮುಚ್ಚಿದಳು. ಸರತಿಯವರು ಕೂಗಿದರು, ಅವಳಿಗೆ ಕೇಳಿಸಲಿಲ್ಲ. ಗೇಟಿನ ಹೊರಗೆ ಔಷಧಿ ಅಂಗಡಿಗಳ ಸಾಲು, ಬಾಳೆಹಣ್ಣಿನ ಗಾಡಿಗಳು. ಮಿರಜದಲ್ಲಿ ಯಾವ ಕಡೆ ಓಡಿದರೂ ಕಿವಿಗೆ ರೈಲಿನ ಸದ್ದು ಬೀಳುತ್ತದೆ. ದಿನಾ ಕೇಳುವ ಸದ್ದೇ, ಇವತ್ತು ಪ್ರತಿಯೊಂದು ಶಿಳ್ಳೆಗೂ ಅವಳ ಕಾಲು ನಿಲ್ಲುತ್ತಿತ್ತು. ಆ ಹುಡುಗಿ ನನ್ನನ್ನೇ ನೋಡಿದಳು, ಅತ್ತೆಯನ್ನಲ್ಲ, ನನ್ನನ್ನು. ಏನಾದರೂ ಆದರೆ ಅದು ನನ್ನ ಬಾಯಿಂದ ಆದದ್ದು. ಹಾಗಾದರೆ ಇನ್ನು ಮೇಲೆ ಸಾಯಲಿಯನ್ನು ಯಾವ ಕೈಯಿಂದ ಮುಟ್ಟಲಿ? ಇಂಥ ಹೊತ್ತಿನಲ್ಲೂ ನನಗೆ ನನ್ನದೇ ಚಿಂತೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸೀಟು ತುಂಬಿದ ಮೇಲೆ ಹಳ್ಳಿಗಳಿಗೆ ಹೊರಡುವ ವಡಾಪ್ ಜೀಪುಗಳು ನಿಲ್ಲುವ ಕಡೆ, ಲಿಂಗನೂರಿನ ಜೀಪಿನ ಹಿಂದಿನ ಸೀಟಿನಲ್ಲಿ, ದವಾಖಾನೆಯ ಗೌನಿನ ಮೇಲೆ ಶಾಲು ಹೊದ್ದು ಪ್ರಣಿತಾ ಕೂತಿದ್ದಳು. ಅವಳು ಸಿಕ್ಕಿದ್ದು ಬೇರೆ ಯಾವ ಕಾರಣಕ್ಕೂ ಅಲ್ಲ, ಜೀಪಿನಲ್ಲಿ ಒಂದು ಸೀಟು ತುಂಬದೆ ಉಳಿದಿತ್ತು. ಯೋಗಿತಾ ಹತ್ತಿ ಅದರಲ್ಲೇ ಕೂತಳು. ಸೀಟು ತುಂಬಿತೆಂದು ಡ್ರೈವರ್ ಗಾಡಿ ಚಾಲೂ ಮಾಡಿದ.

"ತಡೀರಿ, ನಾ ಬರಾಕಿ ಅಲ್ಲ," ಎಂದಳು ಯೋಗಿತಾ.

"ಬರಂಗಿಲ್ಲಂದ್ರ ಯಾಕ ಕುಂತೀರಿ ಬಾಯಿ?" ಡ್ರೈವರ್ ಗಾಡಿ ಬಂದ್ ಮಾಡಿದ. ಎದುರು ಸೀಟಿನ ಮುದುಕಿ ಗೊಣಗಿದಳು.

"ಪ್ರಣಿತಾ, ಮುಂಜಾನೆ ನಾ ಹೇಳಿದ್ದು ಪೂರಾ ಅಲ್ಲ," ಎಂದಳು ಯೋಗಿತಾ. ಮಾತು ಒಂದರ ಮೇಲೊಂದು ಬೀಳುತ್ತಿತ್ತು. "ಅದರ ಮುಂದ ಇನ್ನೊಂದ ಮಾತು ಐತಿ. ನಿನಗ ತಿಳಿಲಿಲ್ಲ, ನಾ ಹೇಳಲಿಲ್ಲ. ತಾಯಿ ಮರತರೂ..."

"ತಿಳದೈತ್ರಿ," ಎಂದಳು ಪ್ರಣಿತಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಾ ಲಿಂಗನೂರದಾಕಿ. ಹತ್ತನೇ ಕ್ಲಾಸ ತನಕ ಮರಾಠಿ ಸಾಳಿ ಕಲ್ತೇನಿ. ಪಾಳಕರು ಹೇಳಿದ್ದು ನನಗ ಪೂರಾ ತಿಳದೈತಿ. ಆಕಿನೂ ಮರತಾಳು, ನಾ ಮರಿಯಂಗಿಲ್ಲ ಅಂದ್ರು."

ಯೋಗಿತಾ ಬರೆದ ಕೇಸ್ ಪೇಪರಿನಲ್ಲಿ ಗಂಡನ ಊರು ಮಾತ್ರ ಇತ್ತು. ತವರು ಯಾವುದೆಂದು ಆ ಕಾಗದವೂ ಕೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಒಂದು ಕ್ಷಣ ಎದೆ ಹಗುರವಾಯಿತು, ಹಾಗಾದರೆ ನನ್ನಿಂದ ಆದದ್ದೇನೂ ಅಲ್ಲ ಎಂದು. "ತಿಳದಿತ್ತಂದ್ರ ಮತ್ತ ಯಾಕ ಎದ್ದ ಬಂದಿ?" ಎಂದಳು.

"ನನಗ ತಿಳದ ಏನ ಮಾಡೂದೈತ್ರಿ? ಅತ್ತಿಗೆ ಮರಾಠಿ ಬರಂಗಿಲ್ಲ." ಪ್ರಣಿತಾ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಪಾಳಕರು ಅದನ್ನ ಅಂದಾಗ, ಈಗ ಈ ಅಕ್ಕಾರು ಕನ್ನಡದಾಗ ಹೇಳ್ತಾರ, ಅತ್ತಿ ಕೇಳ್ತಾಳ ಅಂತ ಕಾಯ್ಕೋತ ಕುಂತೆ. ನಾಕ ದಿನದಾಗ ಅದೊಂದ ಸಲ ಎದ್ದ ಕುಂತಿದ್ದೆ. ನೀವು ಆತು ಅಂದ್ರಿ." ಆಮೇಲೆ ಕೇಳಿದಳು: "ಯಾಕ ಬಿಟ್ರಿ?"

ಜೀಪಿನಲ್ಲಿ ಎಂಟು ಜನರಿದ್ದರು. ಎಲ್ಲರೂ ಬೇರೆ ಕಡೆ ನೋಡುತ್ತ ಕೇಳುತ್ತಿದ್ದರು. ಮೂರು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಯೋಗಿತಾ ಅವರೆಲ್ಲರ ಮುಂದೆ ಆಡಿದಳು: ಅಂಗಡಿಯ ಗಾದಿ, ಚಹಾ, ಮಲಗೈತ್ರಿ ಎಂದದ್ದು, ಆಮೇಲೆ ಪೂಲಿನ ಗಾಳಿ, ಹಗುರವಾದ ಕೈ, ಸುಖ. ಲಕ್ಷ್ಮೀಬಾಯಿ ನಕ್ಕಾಳೆಂದು ಹೆದರಿದ್ದನ್ನೂ ಹೇಳಿದಳು. ಅದನ್ನು ಹೇಳುವಾಗ ಉಳಿದದ್ದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಎದುರಿನ ಮುದುಕಿ ಗೊಣಗುವುದನ್ನು ನಿಲ್ಲಿಸಿದ್ದಳು.

"ಹಗರ ಅನಿಸಿತ್ತೇನ್ರಿ?" ಎಂದು ಪ್ರಣಿತಾ ಕೇಳಿದಳು. "ನನಗ ಹಗರೂ ಅನಸವಲ್ದು, ಭಾರಾನೂ ಅನಸವಲ್ದು. ಅಂವ ಅಳ್ತಾನ, ಕೇಳ್ತೈತಿ. ಯಾರದೋ ಮನಿಯಾಗ ಅತ್ತಂಗ ಕೇಳ್ತೈತಿ."

"ಡಾಕ್ಟರಬಾಯಿ ಮುಂದ ಹೇಳಿದೇನು ಇದನ್ನ?"

"ಅತ್ತಿ ಬಾಜೂಕ ನಿಂತಿದ್ಲು."

"ಬಾಯಿ, ಬಿಡೂದೋ ಬ್ಯಾಡೋ?" ಎಂದು ಡ್ರೈವರ್ ಕೇಳಿದ. ದನಿ ಮೊದಲಿನಷ್ಟು ಗಡಸಾಗಿರಲಿಲ್ಲ.

ಯೋಗಿತಾ ಪ್ರಣಿತಾಳ ಕೈ ಹಿಡಿಯಲು ಹೋಗಿ ಬಿಟ್ಟಳು. ಹಿಡಿಯುವ ಹಕ್ಕು ತನಗಿದೆ ಎನಿಸಲಿಲ್ಲ. "ಇಳಿ ಅಂತ ನಾ ಅನ್ನಂಗಿಲ್ಲ. ಈ ಡ್ರೈವರಗ ಹತ್ತ ಮಿನಿಟ ತಡೀರಿ ಅಂತೇನಿ. ನಾ ಹೋಗಿ ನಿಮ್ಮತ್ತಿಗೆ ಪೂರಾ ಹೇಳಿ ಬರ್ತೇನಿ."

"ನೀವು ಮತ್ತ ಅರ್ಧಾ ಹೇಳಿ ಬಂದ್ರ?" ಎಂದಳು ಪ್ರಣಿತಾ. ಅದನ್ನು ಚೇಷ್ಟೆಗೆ ಅಂದಳೋ, ನಿಜವಾದ ಅನುಮಾನದಿಂದ ಅಂದಳೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮುದುಕಿಯ ಹೆಗಲಿಗೆ ಕೈಯೂರಿ, ನಿಧಾನವಾಗಿ ಕೆಳಗಿಳಿದಳು. "ನಾ ನಿಂತ ಕೇಳತೇನಿ," ಎಂದಳು.

ವಾರ್ಡಿನಲ್ಲಿ ಬಾಳವ್ವ ಹನ್ನೊಂದನೇ ಕಾಟಿನ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲಿನ ಕೂಸಿಗೆ ಚಮಚದಿಂದ ಹಾಲು ಹಾಕುತ್ತಿದ್ದಳು. ಅರ್ಧ ಹಾಲು ಕೂಸಿನ ಕುತ್ತಿಗೆಗೆ ಹರಿದಿತ್ತು. ಸೊಸೆಯನ್ನು ಕಂಡು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಅಳುತ್ತಿದ್ದಳೆಂದು ಆಗ ಯೋಗಿತಾಳಿಗೆ ತಿಳಿಯಿತು. ಲಕ್ಷ್ಮೀಬಾಯಿ ಬಾಗಿಲಲ್ಲೇ ನಿಂತಿದ್ದಳು. ನಿಂತಿರಲಿ ಎಂದುಕೊಂಡಳು ಯೋಗಿತಾ. ಹೆದರಿಕೆ ಹೋಗಿರಲಿಲ್ಲ, ಆದರೂ ನಿಂತಿರಲಿ.

"ಬಾಳವ್ವಾರ, ಮುಂಜಾನೆ ದೇವರ ಮಾತು ನಾ ಅರ್ಧಾ ಹೇಳಿದ್ದೆ," ಎಂದಳು. "ತಾಯಿ ಮರೀತಾಳೇನು ಅಂತ ಕೇಳಿದಂವ ತಾನ ಉತ್ತರಾ ಕೊಟ್ಟಾನ. ಆಕಿನೂ ಮರತಾಳು ಅಂದಾನ. ಮರತಾಕಿಗೆ ಬೈದಿಲ್ಲ, ಕೆಟ್ಟಾಕಿ ಅಂದಿಲ್ಲ. ಮರತಾಳು, ಆದ್ರ ನಾ ಮರಿಯಂಗಿಲ್ಲ, ನಿನ್ನ ಅಂಗೈಯಾಗ ಕೊರಕೊಂಡೇನಿ ಅಂದಾನ. ಕೂಸಿಗೂ ಅಂದಾನ, ತಾಯಿಗೂ ಅಂದಾನ." ಕೊನೆಯದನ್ನು ಪಾಳಕ ಓದಿರಲಿಲ್ಲ. ಮುಂಜಾನೆ ಕಡಿಮೆ ಮಾಡಿದ್ದಕ್ಕೆ ಈಗ ಸ್ವಲ್ಪ ಹೆಚ್ಚು ಹೇಳಿದ್ದಳು. "ನಾ ಅದನ್ನ ಬಿಟ್ಟಿದ್ದು ಯಾಕಂದ್ರ, ನಾನೂ ಮರತಾಕಿ. ಏಳ ತಿಂಗಳ ಮಗಳನ್ನ ಸೀರಿ ಅಂಗಡ್ಯಾಗ ಮರತ ಮನಿಗೆ ಹೋಗಿದ್ದೆ."

ಬಾಳವ್ವ ಸೆರಗಿನಿಂದ ಕೂಸಿನ ಕುತ್ತಿಗೆ ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸಿದಳು.

"ಎಷ್ಟೊತ್ತು?" ಎಂದು ಕೇಳಿದಳು.

"ಅರ್ಧಾ ತಾಸ್ರಿ."

"ಅರ್ಧಾ ತಾಸಿಗೆ ಇಷ್ಟ ಅಂಜೀಯೇನ ತಂಗಿ." ಬಾಳವ್ವ ತಲೆಯೆತ್ತಲಿಲ್ಲ. "ಇದರ ಅಪ್ಪ ಹುಟ್ಟಿದಾಗ ಹದಿನೆಂಟ ದಿನಾ ನಾ ಅದರ ಮಾರಿ ನೋಡಲಿಲ್ಲ. ಯಾಕಂತ ನನಗ ಇವತ್ತಿಗೂ ಗೊತ್ತಿಲ್ಲ. ನಮ್ಮತ್ತಿ ಆಡಿನ ಹಾಲ ಹಾಕಿ ಉಳಿಸಿದ್ಲು. ದೆವ್ವ ಬಡದೈತಿ ಅಂತ ನನಗ ಬೇವಿನ ತಪ್ಪಲಿಲೇ ಹೊಡದ್ರು. ಹೊಡಸ್ಕೊಂಡ ಮ್ಯಾಲ ನೋಡಾಕತ್ತೆ. ಹೆದರಿ ನೋಡಾಕತ್ತೆ." ಚಮಚವನ್ನು ಬಟ್ಟಲಲ್ಲಿಟ್ಟಳು. ಕಾಟಿನ ಮೇಲೆ ಸ್ವಲ್ಪ ಆಚೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು. ಕೂಸನ್ನು ಸೊಸೆಯ ಕೈಗೆ ಕೊಡಲು ಹೋಗಲಿಲ್ಲ.

ಪ್ರಣಿತಾ ಬಂದು ಆ ಜಾಗದಲ್ಲಿ ಕೂತಳು. ಕೂಸನ್ನು ತೆಗೆದುಕೊಳ್ಳಲಿಲ್ಲ, ಗೋಡೆಯ ಕಡೆಗೂ ತಿರುಗಲಿಲ್ಲ. ಮೂವತ್ತು ವರ್ಷ ಈ ಮಾತಿಗೆ ಬಾಯಿ ಬಿಡದ ಬಾಳವ್ವ ಅವಳ ಕಿವಿಯ ಹತ್ತಿರ ಬಾಗಿ, ಭಯಪಟ್ಟ ದನಿಯಲ್ಲಿ ಕೇಳಿದಳು:

"ನಿನ್ನ ಗಂಡಗ ಆ ಹದಿನೆಂಟ ದಿನದ ಮಾತ ಹೇಳಬ್ಯಾಡವಾ. ಹೇಳಂಗಿಲ್ಲ ಹೌದಲ್ಲ?"